ಇಸಾಮುವಿನ ಸೊಂಟದ ಅಳತೆ

ಇಸಾಮು ಹಾಡಿ ಹಾಡಿ ಸಾಯಲಿಲ್ಲ. ಕುಡಿದೂ ಸಾಯಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಸತ್ತ. ಅವನ ಮೈ ತಿಂಗಳಿಂದ ತಿಂಗಳಿಗೆ ಕರಗುತ್ತಿದೆ ಎಂಬುದು ಇಡೀ ಟೆಕ್ಸಾಸಿನಲ್ಲಿ ಒಬ್ಬರಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಆ ಒಬ್ಬಳು ನಾನು. ನಾನು ಬಾಯಿ ಬಿಡಲಿಲ್ಲ. ನಡೆದದ್ದು ಇಷ್ಟು. ಅವನ ಬ್ಯಾಂಡಿನವರು ಬೇರೆ ಹೇಳಬಹುದು, ನನ್ನ ಮಗಳು ಸುಮಾ ಬೇರೆಯೇ ಹೇಳುತ್ತಾಳೆ. ಹೇಳಲಿ. ಟೇಪು ಹಿಡಿದಿದ್ದವಳು ನಾನು.

ನಿನ್ನೆ ಒಂದು ಹುಕ್ಕು ಹುಡುಕಲು ಹೋಗಿ ಇದೆಲ್ಲ ಮೇಲೆ ಬಂತು. ನನ್ನ ಗುಂಡಿ, ಹುಕ್ಕು, ಬಾಬಿನ್ನುಗಳೆಲ್ಲ ಇರುವುದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಮುಚ್ಚಳದ ಮೇಲೆ ನಾಯಿಮರಿಯ ಚಿತ್ರವಿದೆ. ಅದರ ಒಂದು ಕಣ್ಣನ್ನು ಸೂಜಿಯಿಂದ ಕೆರೆದು ತೆಗೆದವರು ಯಾರೆಂದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ಕಣ್ಣು ಮಂಜಾಗಿದೆಯಲ್ಲ, ಕೈಯಾಡಿಸಿ ಸಿಗದೆ ಡಬ್ಬಿಯನ್ನೇ ಮಗುಚಿದೆ. ತಳದಿಂದ ಒಂದು ಹಳದಿ ಸ್ಯಾಟಿನ್ ಪಟ್ಟಿ ಬಿತ್ತು. ಒಂದು ಗೇಣು ಉದ್ದ. ಮೇಲೆ ಮೂರು ಬೆರಳು ಅಗಲ, ಕೆಳಕ್ಕೆ ಹೋಗುತ್ತ ಮೊನೆ. ಅದರ ಉದ್ದಕ್ಕೂ ಬಿಚ್ಚಿದ ಹೊಲಿಗೆಯ ತೂತುಗಳು, ಮೂರು ಸಾಲು. ಬಟ್ಟೆ ಗೊತ್ತಿಲ್ಲದವರಿಗೆ ಅದು ಕಸ. ನಾನು ಹುಕ್ಕು ಹುಡುಕುವುದನ್ನು ಬಿಟ್ಟು ಅದನ್ನು ಹಿಡಿದುಕೊಂಡು ಕೂತೆ.

ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಮೂರನೇ ಕ್ಲಾಸಿನ ಕೊನೆಯ ಭಾಗ ದಡಾರದಲ್ಲಿ ಹೋಯಿತು. ಆದ್ದರಿಂದ ಈ ಬರವಣಿಗೆಯಲ್ಲಿ ಎಲ್ಲಾದರೂ ಸೊಟ್ಟ ಕಂಡರೆ ನೀವೇ ಬಿಚ್ಚಿ ಹೊಲಿದುಕೊಳ್ಳಿ. ನನಗೆ ಬಂದ ವಿದ್ಯೆ ಹೊಲಿಗೆಯೊಂದೇ. ಅದನ್ನು ಕಲಿಸಿದವನು ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ರಂಗಣ್ಣ. ಅವನ ಅಂಗಡಿಯಲ್ಲಿ ರೈಲು ಬಂದಾಗಲೆಲ್ಲ ಗುಂಡಿಗಳು ಡಬ್ಬಿಯಲ್ಲಿ ಕುಣಿಯುತ್ತಿದ್ದವು. ಕಾಜಾ ಹಾಕುವುದು, ಹೆಮ್ಮಿಂಗು, ಹೆಂಗಸರ ಅಳತೆ ತೆಗೆಯುವುದು ನನ್ನ ಪಾಲಿಗೆ. ಮಾವ ಗಂಡಸಲ್ಲವೇ, ಹೆಂಗಸರ ಮೈಗೆ ಟೇಪು ತಾಗಿಸುವ ಹಾಗಿರಲಿಲ್ಲ. ಹತ್ತು ವರ್ಷದ ನಾನು ಪರದೆಯ ಹಿಂದೆ ಸ್ಟೂಲು ಹತ್ತಿ ನಿಂತು ಅಳತೆ ಕೂಗುತ್ತಿದ್ದೆ, ಅವನು ಈಚೆ ಬರೆದುಕೊಳ್ಳುತ್ತಿದ್ದ.

ಹುಡುಗಿಯರ ಸ್ಕೂಲಿಗೆ ಒಬ್ಬ ಟೀಚರು ಬಂದಿದ್ದರು. ಮದುವೆಯಾಗಿರಲಿಲ್ಲ. ಮೂರು ತಿಂಗಳಲ್ಲಿ ಮೂರು ಸಲ ಅವರ ಬ್ಲೌಸು ಬಿಚ್ಚಿ ದೊಡ್ಡದು ಮಾಡಿದೆವು. ಬೀದಿ ನಲ್ಲಿಯ ಹತ್ತಿರ ನೀರಿಗೆ ನಿಂತಾಗ ಯಾರೋ ಒಬ್ಬಳು ತನ್ನ ಸೊಂಟ ಸಣ್ಣದೆಂದು ಜಂಭ ಪಡುತ್ತಿದ್ದಳು. ನಾನು ಮಧ್ಯೆ ಬಾಯಿ ಹಾಕಿ, "ನಮ್ ಟೀಚರ್ದು ತಿಂಗಳಿಗೆರಡು ಇಂಚು ಬೆಳೀತದೆ" ಎಂದೆ. ಅಷ್ಟೇ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಎರಡು ದಿನ ಬಿಟ್ಟು ಟೀಚರು ಒಂದು ಟ್ರಂಕು ಹಿಡಿದು ನಮ್ಮ ಅಂಗಡಿಯ ಮುಂದೆಯೇ ಸ್ಟೇಷನ್ನಿಗೆ ನಡೆದುಹೋದರು. ನನ್ನ ಕಡೆ ನೋಡಲಿಲ್ಲ. ಆಮೇಲೆ ಅವರು ಏನಾದರೋ ಯಾರಿಗೂ ತಿಳಿಯದು. ಮಾವ ಗಜದ ಕಡ್ಡಿ ತೆಗೆದುಕೊಂಡು ನನ್ನ ಅಂಗೈಗೆ ಬಾರಿಸಿದ.

"ಮೈ ತೋರ್ಸೋದು ಡಾಕ್ಟ್ರಿಗೆ, ಟೈಲರ್‌ಗೆ ಕಣೇ. ಡಾಕ್ಟ್ರು ಬೀದೀಲಿ ಹೇಳ್ತಾನೇನೇ? ನೀನ್ಯಾವಳೇ ಹೇಳೋಕೆ?"

ಅಂದಿನಿಂದ ಒಬ್ಬರ ಅಳತೆಯನ್ನು ಇನ್ನೊಬ್ಬರ ಮುಂದೆ ನಾನು ಆಡಿಲ್ಲ. ಅತ್ತೆಯದನ್ನು ಸೊಸೆಗೆ ಹೇಳಿಲ್ಲ, ಹೆಂಡತಿಯದನ್ನು ಗಂಡನಿಗೆ ಹೇಳಿಲ್ಲ. ಅರಸೀಕೆರೆಯಿಂದ ಡಾಲಸ್ ಪಕ್ಕದ ಕ್ಯಾರಲ್ಟನ್ನಿಗೆ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಕತ್ತರಿ ಇತ್ತು, ಬಾಯಲ್ಲಿ ಈ ಬೀಗ ಇತ್ತು.

ಸುಮಾಳ ಮನೆಯ ಗ್ಯಾರೇಜಿನಲ್ಲಿ ಮಿಷನ್ನು ಹಾಕಿಕೊಂಡೆ. ಅಳಿಯ ತನ್ನ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಬೇಕಾಯಿತು. ಪಾಪ. ಸುಮಾ ಬೆಳಿಗ್ಗೆ ಪಕ್ಕದ ಊರು ಫಾರ್ಮರ್ಸ್ ಬ್ರಾಂಚಿನ ಆಫೀಸಿಗೆ ಹೋದಳೆಂದರೆ ಮನೆ ನನ್ನದು. ಮೊಮ್ಮಗಳು ಅನು ಆಗ ಹೈಸ್ಕೂಲು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳೇ ಒಂದು ಚೀಟಿ ಬರೆದು, ಮಿಷನ್ನಿನ ಚಿತ್ರ ಬಿಡಿಸಿ, ನಾವು ಅಕ್ಕಿ ತರುವ ಏಷ್ಯನ್ ಅಂಗಡಿಯ ಬಾಗಿಲಲ್ಲಿ ಅಂಟಿಸಿದಳು. ಬ್ಲೌಸಿನವರು ಬಂದರು, ಫಾಲ್ಸಿನವರು ಬಂದರು, ಯೂನಿವರ್ಸಿಟಿಯಲ್ಲಿ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು ಬಂದರು. ನವೆಂಬರಿನಲ್ಲಿ ಒಂದು ದಿನ ಗ್ಯಾರೇಜಿನ ಹೊರಗೆ ನಾಲ್ಕು ಜೊತೆ ಬೂಟುಗಳು ಸಾಲಾಗಿ, ಮೂತಿ ರಸ್ತೆಯ ಕಡೆ ತಿರುಗಿಸಿ ಇಟ್ಟಿದ್ದವು. ಗ್ಯಾರೇಜಿಗೆ ಬರಲು ಚಪ್ಪಲಿ ಬಿಟ್ಟವರನ್ನು ನಾನು ಅಮೆರಿಕದಲ್ಲಿ ಕಂಡದ್ದು ಅದೇ ಮೊದಲು. ಒಳಗೆ ನಾಲ್ಕು ಜನ ಜಪಾನಿನವರು ಕಾಲುಚೀಲದಲ್ಲಿ ನಿಂತು ಸೊಂಟ ಬಗ್ಗಿಸಿದರು. ನಾನೂ ಬಗ್ಗಿಸಿದೆ. ಅವರು ಮತ್ತೆ ಬಗ್ಗಿಸಿದರು. ನನ್ನ ಸೊಂಟ ಹಿಡಿದುಕೊಂಡಿತು.

"ಅಜ್ಜಿ, ದೇ ಆರ್ ಎ ಬ್ಯಾಂಡ್!" ಅನು ಕುಣಿದಾಡಿದಳು. "ರಾಕ್ ಬ್ಯಾಂಡ್! ಫ್ರಮ್ ಜಪಾನ್!"

"ಮದುವೆಗೆ ಬಾರಿಸ್ತಾರಾ?" ಎಂದೆ. ನನಗೆ ಗೊತ್ತಿದ್ದ ಬ್ಯಾಂಡು ಅದೊಂದೇ.

ಅನು ನೆಲ ನೋಡಿದಳು. ಇಂತಹ ಅಜ್ಜಿಯನ್ನು ಇಟ್ಟುಕೊಂಡು ಅವಳು ಪಟ್ಟ ನಾಚಿಕೆ ಒಂದೆರಡಲ್ಲ.

ಶೋಜಿ ಎಂಬವನು ಯಜಮಾನ, ಗಿಟಾರಿನವನು. ಗೋರೋ ದಪ್ಪಗಿದ್ದ, ಅವನದೂ ಗಿಟಾರೇ, ಆದರೆ ದಪ್ಪ ಸದ್ದಿನದು. ಮಿಕಿ ಹುಡುಗಿ, ಮೋಟು ಕೂದಲು, ತೋಳು ನೋಡಿದರೆ ರಾಗಿ ಬೀಸಿದವಳ ಹಾಗೆ, ಡ್ರಮ್ ಬಾರಿಸುವವಳು. ಹಾಡುವವನು ಇಸಾಮು. ನಮ್ಮ ಬೀದಿಯ ಆಚೆಯ ಅಪಾರ್ಟ್‌ಮೆಂಟಿನಲ್ಲಿ ನಾಲ್ವರೂ ಎರಡು ಕೋಣೆಯಲ್ಲಿದ್ದರು. ಒಂದು ವ್ಯಾನಿತ್ತು. ಮೊದಲು ಡಾಲಸ್, ಆಮೇಲೆ ಹ್ಯೂಸ್ಟನ್, ಮಾರ್ಚಿನಲ್ಲಿ ಆಸ್ಟಿನ್. ಆಸ್ಟಿನ್ನಿನಲ್ಲಿ ಆ ವಾರ ಊರಿಗೂರೇ ಹಾಡುತ್ತದಂತೆ, ರೆಕಾರ್ಡು ಕಂಪನಿಯವರು ಬಂದು ಕೂತು ಆರಿಸುತ್ತಾರಂತೆ. ಹೆಣ್ಣು ನೋಡುವ ಶಾಸ್ತ್ರದ ಹಾಗೆ, ಎಂದು ನಾನು ಅರ್ಥ ಮಾಡಿಕೊಂಡೆ. ನಾಲ್ವರೂ ಕೆಲಸ ಬಿಟ್ಟು ಬಂದಿದ್ದರು. ಅಮೆರಿಕದಲ್ಲಿ ರೆಕಾರ್ಡು ಆಗದೆ ಊರಿಗೆ ಬರುವುದಿಲ್ಲವೆಂದು ಮನೆಯವರಿಗೆ ಹೇಳಿ ಬಂದಿದ್ದರು. ಇದನ್ನು ಹೇಳುವಾಗ ಶೋಜಿ ನಗಲಿಲ್ಲ.

ಅವರಿಗೆ ಒಂದೇ ತರಹದ ನಾಲ್ಕು ಜೊತೆ ಬಟ್ಟೆ ಬೇಕಿತ್ತು. ಲೈಟಿನಲ್ಲಿ ಮಿಂಚಬೇಕು, ಮೈಗೆ ಅಂಟಿಕೊಂಡಿರಬೇಕು. ನನ್ನ ಹತ್ತಿರ ಲಂಗಕ್ಕೆಂದು ತಂದಿಟ್ಟಿದ್ದ ಅರಿಸಿನ ಬಣ್ಣದ ಸ್ಯಾಟಿನ್ ಇತ್ತು. ಇಸಾಮು ಅದನ್ನು ಮುಟ್ಟಿ ನೋಡಿ, ಮೈಮೇಲೆ ಹೊದ್ದುಕೊಂಡು, ಗ್ಯಾರೇಜಿನ ಮಧ್ಯದಲ್ಲಿ ಒಂದು ಸುತ್ತು ತಿರುಗಿದ. ಅದೇ ಬೇಕೆಂದರು. ನಾಲ್ಕು ಪ್ಯಾಂಟು, ನಾಲ್ಕು ವೇಸ್ಟ್‌ಕೋಟು. ಗೋರೋವಿನ ಪ್ಯಾಂಟಿಗೆ ಹೋದ ಬಟ್ಟೆಯಲ್ಲಿ ಇಬ್ಬರು ಹುಡುಗಿಯರಿಗೆ ಲಂಗವಾಗುತ್ತಿತ್ತು.

ಇಸಾಮುವಿನ ಸೊಂಟ ಇಪ್ಪತ್ತೊಂಬತ್ತು. ಅಳತೆ ಪುಸ್ತಕದಲ್ಲಿ ತಾರೀಖು ಹಾಕಿ ಬರೆದೆ.

ಹೊಲಿಗೆಯ ವಿಷಯ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಹಿಡಿಯುವುದಿಲ್ಲ. ಪ್ಯಾಂಟಿನ ಹಿಂದೆ, ಬ್ಲೌಸಿನ ಪಕ್ಕದಲ್ಲಿ ನಾವು ಒಳಗೆ ಸ್ವಲ್ಪ ಹೆಚ್ಚು ಬಟ್ಟೆ ಬಿಟ್ಟಿರುತ್ತೇವೆ. ಅದು ಮಾರ್ಜಿನ್. ಮೈ ಬಂದರೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು. ಅಂಗಡಿಯ ರೆಡಿಮೇಡಿನಲ್ಲಿ ಅದು ಇರುವುದಿಲ್ಲ. ಅವರಿಗೆ ನೀವು ದಪ್ಪಗಾದರೇನು, ಸಣ್ಣಗಾದರೇನು. ಮಾರ್ಜಿನ್ ಬಿಟ್ಟ ಬಟ್ಟೆ ಎಂದರೆ ಈ ಮನುಷ್ಯ ಇನ್ನೂ ಹತ್ತು ವರ್ಷ ಇದನ್ನು ಹಾಕುತ್ತಾನೆಂದು ಒಬ್ಬ ಟೈಲರು ನಂಬಿದ್ದಾನೆ ಎಂದರ್ಥ. ನಾನು ಇಸಾಮುವಿಗೆ ಧಾರಾಳವಾಗಿ ಬಿಟ್ಟಿದ್ದೆ. ಹುಡುಗ ಸಣ್ಣ, ನಮ್ಮ ಊಟ ಉಂಡು ತುಂಬಿಕೊಳ್ಳಲಿ ಎಂದು.

ಊಟಕ್ಕೂ ಕರೆದೆ. ಹುಳಿಯನ್ನ, ಮೊಸರನ್ನ, ಉಪ್ಪಿನಕಾಯಿ. ಗೋರೋ ಮೂರು ಸಲ ಹಾಕಿಸಿಕೊಂಡ. ಮಿಕಿ ಕಣ್ಣಲ್ಲಿ ನೀರು ಸುರಿಸುತ್ತಲೇ ಉಪ್ಪಿನಕಾಯಿ ತಿಂದಳು. ಇಸಾಮು ತಟ್ಟೆಯ ಅನ್ನವನ್ನು ಆ ಕಡೆಯಿಂದ ಈ ಕಡೆ ತಳ್ಳಿ, ನಾನು ಅಡಿಗೆಮನೆಗೆ ತಿರುಗಿದಾಗ ಗೋರೋವಿನ ತಟ್ಟೆಗೆ ಸುರಿದ. ಸ್ಟೀಲು ಡಬ್ಬಿಯ ಮೈಯಲ್ಲಿ ನನಗೆ ಎಲ್ಲ ಕಾಣುತ್ತಿತ್ತು.

"ಅನು, ಅವನ್ಯಾಕೆ ತಿನ್ನಲ್ವಂತೆ ಕೇಳು."

ಅವಳು ಕೇಳಿದಳು. ಅವನು ಏನೋ ಹೇಳಿದ, ಎಲ್ಲರೂ ನಕ್ಕರು.

"ಹಾಡೋನು ಹಸ್ಕೊಂಡಿರ್ಬೇಕಂತೆ, ಅಜ್ಜಿ." ಇಷ್ಟುದ್ದದ ಕನ್ನಡ ಅವಳ ಬಾಯಿಂದ ಬಂದದ್ದು ನನಗೆ ಊಟಕ್ಕಿಂತ ಖುಷಿ ಕೊಟ್ಟಿತು. ಅದರಲ್ಲೇ ಆ ಮಾತು ಮರೆತುಹೋಯಿತು.

ಅವರ ಹಾಡು ಹೇಗಿತ್ತೆಂದು ಕೇಳುತ್ತೀರಿ. ಡಾಲಸ್‌ನ ಪ್ರೋಗ್ರಾಮಿಗೆ ಮೊದಲು ನನ್ನ ಗ್ಯಾರೇಜಿನಲ್ಲೇ ಬಟ್ಟೆ ಹಾಕಿಕೊಂಡು ಒಂದು ಹಾಡಿದರು. ನನಗೆ ಕೇಳಿದ್ದು ಹಿಟ್ಟಿನ ಗಿರಣಿ. ಆದರೆ ನಡುವೆ ಒಂದು ಕಡೆ ಉಳಿದ ಮೂವರೂ ನಿಲ್ಲಿಸಿದರು, ಇಸಾಮು ಒಬ್ಬನೇ ಎತ್ತರಕ್ಕೆ ಹೋದ. ಅಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ, ಪಕ್ಕದ ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ಗಿರಣಿ ಮತ್ತೆ ಶುರುವಾದಾಗ ನನಗೆ ಸಿಟ್ಟು ಬಂತು.

ಅಂದೇ ಪ್ಯಾಂಟು ಸ್ವಲ್ಪ ಜಾರುತ್ತಿತ್ತು. ಇಪ್ಪತ್ತೆಂಟು. ಒಂದು ಇಂಚು ಹಿಡಿದು ಹೊಲಿದೆ. ಸ್ಯಾಟಿನ್ ಎಳೆಯುತ್ತದೆ, ಅದಕ್ಕಿರಬೇಕು ಅಂದುಕೊಂಡೆ.

ಫೆಬ್ರವರಿಯಲ್ಲಿ ಹ್ಯೂಸ್ಟನ್ನಿಗೆ ಹೊರಡುವ ಮುಂಚೆ ಅವನು ಒಬ್ಬನೇ ಬಂದ. ಬೂಟು ಒಂದೇ ಜೊತೆ. ಪ್ಯಾಂಟು ತೊಟ್ಟು ಎರಡೂ ಕೈಯಲ್ಲಿ ಸೊಂಟದ ಹತ್ತಿರ ಹಿಡಿದುಕೊಂಡು ನಿಂತಿದ್ದ. ಟೇಪು ಸುತ್ತಿದೆ. ಇಪ್ಪತ್ತಾರು. ಕನ್ನಡಕ ಒರೆಸಿಕೊಂಡು ಮತ್ತೆ ಸುತ್ತಿದೆ. ಇಪ್ಪತ್ತಾರೇ. ಅಷ್ಟು ಹತ್ತಿರದಿಂದ ನೋಡಿದರೆ ಕಣ್ಣಿನ ಬಿಳಿ ಹಳದಿಯಾಗಿತ್ತು. ಸ್ಯಾಟಿನ್ನಿನ ನೆರಳು ಎಂದುಕೊಂಡೆ. ಇಂದಿಗೂ ನನ್ನ ದಡ್ಡತನಕ್ಕೆ ನಾನು ಹೇಳಿಕೊಳ್ಳುವ ಸಮಾಧಾನ ಅದೊಂದೇ, ಅದೂ ಸುಳ್ಳು.

ಅವನ ಹೊಟ್ಟೆ ತೋರಿಸಿ "ಡಾಕ್ಟರ್?" ಎಂದೆ. ನನ್ನ ಇಂಗ್ಲಿಷು ಅಷ್ಟು.

"ಆಫ್ಟರ್ ಆಸ್ಟಿನ್, ಅಜ್ಜಿ-ಸಾನ್." ಅನು ಅವನಿಗೆ ಅಜ್ಜಿ ಎನ್ನಲು ಕಲಿಸಿದ್ದಳು, ಜಪಾನಿನ ಮರ್ಯಾದೆಯ ಬಾಲ ಅವನೇ ಅಂಟಿಸಿದ್ದ.

"ನೋ ಆಫ್ಟರ್. ನೌ," ಎಂದೆ.

ಅವನು ತಲೆ ಅಲ್ಲಾಡಿಸಿದ. ಅಪಾರ್ಟ್‌ಮೆಂಟಿನ ಕಡೆ ಕೈ ತೋರಿಸಿದ, ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಟೇಪನ್ನು ಅಚ್ಚುಕಟ್ಟಾಗಿ ಸುತ್ತಿ ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದ. ತಾನು ಮಲಗಿಬಿಟ್ಟರೆ ಉಳಿದ ಮೂವರೂ ಗಂಟು ಕಟ್ಟಿ ಊರಿಗೆ ಹೊರಡಬೇಕಾಗುತ್ತದೆ, ಆಸ್ಟಿನ್ ಮುಗಿಯುವವರೆಗೆ ಅವರಿಗೆ ತಿಳಿಯಬಾರದು. ಇದು ತಿಳಿಯಲು ಇಂಗ್ಲಿಷು ಬೇಕಾಗಿರಲಿಲ್ಲ. ಗಜದ ಕಡ್ಡಿಯ ಏಟು ಬಿದ್ದ ಅಂಗೈಯೂ ಅದೇ. ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು. ಭಾಷೆ ಬಾರದ ಗಿರಾಕಿ ನನ್ನ ಬಾಯಿಯನ್ನು ನಂಬಿದ್ದ. ಎರಡು ಇಂಚು ಹಿಡಿದು ಎಷ್ಟು ಚೆನ್ನಾಗಿ ಹೊಲಿದೆನೆಂದರೆ, ಹಾಕಿಕೊಂಡಾಗ ಅವನು ಕಾಯಿಲೆಯವನ ಹಾಗೆ ಕಾಣಲೇ ಇಲ್ಲ. ಶೋಕಿಲಾಲನ ಹಾಗೆ ಕಂಡ.

ಆ ಚಳಿಗಾಲದಲ್ಲೇ ಸಬೀಹಾ ಮತ್ತೆ ಮತ್ತೆ ಬರತೊಡಗಿದ್ದು. ಹುಬ್ಬಳ್ಳಿಯ ಹುಡುಗಿ, ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು, ಒಬ್ಬಳೇ ಇದ್ದಳು. ಹಿಂದಿನ ವರ್ಷ ಊರಿನಲ್ಲಿರುವ ತಾಯಿಗೆಂದು ಒಂದು ಬ್ಲೌಸು ಹೊಲಿಸಿದ್ದಳು. ಆಗ ಕಾಲಿಂಗ್ ಕಾರ್ಡು ಹಾಕಿ ನನ್ನಿಂದಲೇ ಫೋನು ಮಾಡಿಸಿ ತಾಯಿಯ ಅಳತೆ ಬರೆಸಿದ್ದಳು. ಈಗ, ದಸರೆಯ ಹೊತ್ತಿಗೆ ನನಗೇ ಅಳತೆ ಕೊಟ್ಟು ಹೊಲಿಸಿದ್ದ ಚೂಡಿದಾರುಗಳನ್ನು ಒಂದೊಂದಾಗಿ ತರುತ್ತಿದ್ದಳು.

"ಅಜ್ಜಿ, ಭಾಳ ಢಿಲ್ಲ ಆಗೇತ್ರಿ. ಒಂದೀಟು ಬಿಗಿ ಮಾಡಿ ಕೊಡ್ರಿ."

"ಹೋದ ತಿಂಗಳು ತಾನೇ ಬಿಗಿ ಮಾಡಿದ್ದು? ಊಟ ಮಾಡ್ತೀಯೋ ಇಲ್ವೋ?"

"ಮಾಡ್ತೇನ್ರಿ. ಎಕ್ಸಾಮ್ ಅದಾವ, ಅಷ್ಟ."

ಅವಳ ಕೈಬೆರಳಿನ ಉಂಗುರಕ್ಕೆ ದಾರ ಸುತ್ತಿತ್ತು, ಜಾರಬಾರದೆಂದು. ಅದನ್ನೂ ನೋಡಿದೆ. ಬಿಗಿ ಮಾಡಿ ಕೊಟ್ಟೆ. ಆ ಹುಡುಗಿಗೆ ಈಗ ನನ್ನ ಹೆಸರೆತ್ತಿದರೆ ಆಗುವುದಿಲ್ಲ. ಆಗದಿದ್ದರೆ ಬೇಡ. ಸಿಟ್ಟು ಮಾಡಿಕೊಳ್ಳಲು ಇದ್ದಾಳಲ್ಲ, ಸಾಕು.

ಹ್ಯೂಸ್ಟನ್ನಿನಲ್ಲಿ ಕೇಳಲು ಬಂದವರು ಹನ್ನೊಂದು ಜನವಂತೆ, ಅದರಲ್ಲಿ ನಾಲ್ವರು ಮುಂದಿನ ಬ್ಯಾಂಡಿಗಾಗಿ ಕಾಯುತ್ತಿದ್ದವರಂತೆ. ಆದರೂ ಮಿಕಿ ಕುಣಿಯುತ್ತಲೇ ಬಂದಳು. ಕೋಲು ತಗುಲಿ ಅವಳ ವೇಸ್ಟ್‌ಕೋಟು ಹರಿದಿತ್ತು. ನಾನು ಅದನ್ನು ಹೊಲಿಯುವಾಗ ಮಿಷನ್ನಿನ ಪಕ್ಕದಲ್ಲಿ ಕೂತು, ಅನುವಿನ ಕಡೆ ತಿರುಗಿ ಮೆಲ್ಲಗೆ ಏನೋ ಕೇಳಿದಳು.

"ಅಜ್ಜಿ, ಇಸಾಮು ತುಂಬಾ ಥಿನ್ ಆಗಿದಾನಾ ಅಂತ ಕೇಳ್ತಿದಾಳೆ. ಶೀ ಈಸ್ ವರೀಡ್. ನಿನಗೆ ಗೊತ್ತಿರುತ್ತಲ್ಲ, ಮೆಷರ್ ಮಾಡೋಳು ನೀನು."

ನಾನು ಮಿಷನ್ನು ನಿಲ್ಲಿಸಲಿಲ್ಲ.

"ಏನಿಲ್ಲ ಅನ್ನು. ಹೊಲಿಗೆ ಚೆನ್ನಾಗಿ ಕೂತಿದೆ, ಅದಕ್ಕೇ ಸಣ್ಣ ಕಾಣ್ತಾನೆ ಅನ್ನು."

ಅನು ಹೇಳಿದಳು. ಮಿಕಿ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟು ನಕ್ಕಳು. ನನ್ನ ಕೈಗೆ ಒಂದು ಜಪಾನಿನ ಮಿಠಾಯಿ ಕೊಟ್ಟಳು. ಅಂಟಂಟು, ಒಳಗೆ ಬೇಳೆಯ ಹೂರಣ. ನಮ್ಮ ಕಡುಬಿನ ದೂರದ ನೆಂಟ. ತಿಂದುಬಿಟ್ಟೆ.

ಇಡೀ ಕತೆಯಲ್ಲಿ ತಪ್ಪು ಎಲ್ಲಿ ಎಂದು ಕೇಳಿದರೆ ಇಲ್ಲಿ. ಮಿಕಿ ಕೇಳಿದ್ದಳು. ಕೇಳಬೇಕಾದವರನ್ನೇ ಕೇಳಿದ್ದಳು. ಅವಳು ಬೀದಿ ನಲ್ಲಿಯ ಹೆಂಗಸಲ್ಲ, ಇಸಾಮು ಆ ಟೀಚರಲ್ಲ. ಆ ವ್ಯತ್ಯಾಸ ತಿಳಿಯಲು ಮೂರನೇ ಕ್ಲಾಸು ಸಾಕಾಗಿತ್ತು. ನಾನು ಟೈಲರಿಕೆ ಮಾಡಿದೆ.

ಮಾರ್ಚ್ ಬಂತು. ಇಪ್ಪತ್ತನಾಲ್ಕು. ಹನ್ನೆರಡು ವರ್ಷದ ಹುಡುಗನ ಸೊಂಟ. ಮತ್ತೆ ಹಿಡಿದೆ. ಒಳಗೆ ಅಷ್ಟೂ ಬಟ್ಟೆ ಸೇರಿ ಬೆನ್ನ ಕೆಳಗೆ ದಪ್ಪ ಮಡಿಕೆಯಾಗಿತ್ತು.

ಆರು ದಿನ ಬಿಟ್ಟು ಆಸ್ಟಿನ್. ಶನಿವಾರವಾದ್ದರಿಂದ ಸುಮಾ ಡ್ರೈವ್ ಮಾಡಿದಳು, ಅನು ಮುಂದೆ, ನಾನು ಹಿಂದೆ, ಚೀಲದಲ್ಲಿ ಸೂಜಿ, ಹಳದಿ ದಾರ, ಚಪಾತಿ. ಅವರ ಸರದಿ ಮಧ್ಯಾಹ್ನ ಎರಡು ಗಂಟೆಗೆ. ಬೀದಿಯ ತುಂಬ ಗಿಟಾರು ಹೊತ್ತವರು. ಸೀರೆಯುಟ್ಟ ನನ್ನನ್ನೂ ಯಾವುದೋ ಬ್ಯಾಂಡಿನವಳೆಂದು ತಿಳಿದು ಒಬ್ಬ ಚೀಟಿ ಕೊಟ್ಟ.

ವೇದಿಕೆಯ ಹಿಂದಿನ ಗೂಡಿನಂತಹ ಕೋಣೆಗೆ ಇಸಾಮು ನನ್ನನ್ನು ಕರೆದ. ಬಾಗಿಲು ಹಾಕಿ ಬೆನ್ನು ತಿರುಗಿಸಿದ. ಹಿಂದೆ ಆ ಮಡಿಕೆ ಗಂಟಿನ ಹಾಗೆ ಉಬ್ಬಿತ್ತು, ಸ್ಯಾಟಿನ್ನು ಏನನ್ನೂ ಮುಚ್ಚುವುದಿಲ್ಲ. ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ತೋರಿಸಿದ.

"ಬೇಡಪ್ಪ," ಎಂದೆ ಕನ್ನಡದಲ್ಲೇ. "ಕತ್ತರಿಸಿದ್ರೆ ಆಮೇಲೆ ಬಿಡೋಕಾಗಲ್ಲ. ನೀನು ಮೈ ತುಂಬ್ಕೊಂಡ್ರೆ ಏನು ಹಾಕ್ಕೋತೀಯ?"

ಅವನಿಗೆ ಎಲ್ಲ ಅರ್ಥವಾಯಿತು ಅನ್ನಿಸುತ್ತದೆ. ನಕ್ಕ. ಪೆಟ್ಟಿಗೆ ಕಟ್ಟುವ ಟೇಪಿನ ಪಕ್ಕದಲ್ಲಿ ಬಿದ್ದಿದ್ದ ಮೊಂಡು ಕತ್ತರಿಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಹೊರಗಿನಿಂದ ಶೋಜಿ ಬಾಗಿಲು ತಟ್ಟುತ್ತಿದ್ದ.

ಐವತ್ತೈದು ವರ್ಷದ ಹೊಲಿಗೆಯಲ್ಲಿ ಬದುಕಿರುವ ಮೈಯ ಬಟ್ಟೆಯಿಂದ ನಾನು ಮಾರ್ಜಿನ್ ಕತ್ತರಿಸಿದ್ದು ಅದೊಂದೇ ಸಲ. ಕತ್ತರಿಸಿ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅವನು ಹಾಡಿದ. ಚೆನ್ನಾಗಿ ಹಾಡಿದ, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಉಳಿದವರು ನಿಲ್ಲಿಸಿ ಅವನೊಬ್ಬನೇ ಎತ್ತರಕ್ಕೆ ಹೋಗುವ ಜಾಗ ಬಂದಾಗ ನನ್ನ ಕಿವಿಯ ಹತ್ತಿ ತೆಗೆದೆ. ಮುಗಿದ ಮೇಲೆ ಕಂಪನಿಯವನೊಬ್ಬ, ಬೆಳ್ಳಗೆ, ಟೋಪಿ ಹಾಕಿದವನು, ಶೋಜಿಯ ಕೈ ಹಿಡಿದು ಬಿಡಲೇ ಇಲ್ಲ. ಇಸಾಮುವನ್ನು ಮೇಲಿಂದ ಕೆಳಗೆ ನೋಡಿ ಏನೇನೋ ಹೊಗಳಿದ.

"ಏನಂತೆ?" ಎಂದೆ.

"ಅವನು ಎಷ್ಟು ಸಣ್ಣ ಇದಾನೆ, ಆ ಡ್ರೆಸ್‌ನಲ್ಲಿ ಪರ್ಫೆಕ್ಟ್ ಅಂತೆ," ಎಂದಳು ಅನು. "ಅದೇ ಲುಕ್ ಬೇಕಂತೆ. ಚೇಂಜ್ ಮಾಡ್ಬೇಡಿ ಅಂತೆ. ಅಜ್ಜಿ, ನಿನ್ನ ಹೊಲಿಗೆ!"

ವಾಪಸು ಹೊರಟಾಗ ವ್ಯಾನು ಮುಂದೆ, ನಮ್ಮ ಕಾರು ಹಿಂದೆ. ಜಾರ್ಜ್‌ಟೌನ್ ಹತ್ತಿರ ವ್ಯಾನು ಸಿಗ್ನಲ್ ಹಾಕದೆ ಪೆಟ್ರೋಲ್ ಬಂಕಿಗೆ ನುಗ್ಗಿತು. ಇಸಾಮು ಇಳಿದು ಎರಡು ಹೆಜ್ಜೆ ನಡೆದು ಮಂಡಿಯೂರಿದ. ವಾಂತಿಯಲ್ಲಿ ಬಂದದ್ದು ರಕ್ತ. ಹಳದಿ ಸ್ಯಾಟಿನ್ನಿನ ಮೇಲೆ ಬಿತ್ತು. ಮಿಕಿ ಕಿರುಚಿದ್ದು ನನಗೆ ಈಗಲೂ ಡ್ರಮ್ಮಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ತೂಕ ಇಳಿಯಲು ಶುರುವಾದದ್ದು ಯಾವಾಗ ಎಂದು. ಶೋಜಿ ಗೋರೋವನ್ನು ನೋಡಿದ, ಗೋರೋ ಮಿಕಿಯನ್ನು ನೋಡಿದ. ಯಾವಾಗಲೂ ಸಣ್ಣಗೇ ಇದ್ದ ಎಂದರು. ಅನು ನನ್ನನ್ನು ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ.

ಒಂಬತ್ತು ದಿನ ಇದ್ದ. ರೆಕಾರ್ಡು ಮಾಡುತ್ತೇವೆಂದು ಕಂಪನಿಯ ಕಾಗದ ಏಳನೆಯ ದಿನ ಬಂತು. ಶೋಜಿ ಅದನ್ನು ಅಪಾರ್ಟ್‌ಮೆಂಟಿನ ಅಂಚೆ ಪೆಟ್ಟಿಗೆಯ ಮುಂದೆ ನಿಂತು ಓದಿ, ಮಡಿಸಿ, ಮತ್ತೆ ಪೆಟ್ಟಿಗೆಯೊಳಗೇ ಹಾಕಿ ಬೀಗ ಹಾಕಿದ.

ಸುಮಾ ನನಗೆ ಸಮಾಧಾನ ಹೇಳಿದಳು. "ಅಮ್ಮಾ, ಡಾಕ್ಟ್ರು ಹೇಳಿದ್ರಲ್ಲ. ನವೆಂಬರ್‌ನಲ್ಲೇ ಗೊತ್ತಾಗಿದ್ರೂ ಉಳಿಸೋಕಾಗ್ತಿರ್ಲಿಲ್ಲ. ನೀನ್ಯಾಕೆ ತಲೆಗೆ ಹಚ್ಕೋತೀಯ?"

ಇರಬಹುದು. ಆದರೆ ನವೆಂಬರಿನಲ್ಲಿ ಗೊತ್ತಾಗಿದ್ದರೆ ಅವನು ನಾಲ್ಕು ತಿಂಗಳು ತಾಯಿಯ ಮನೆಯಲ್ಲಿ ಮಲಗಿರುತ್ತಿದ್ದ. ಅವಳ ಕೈಯಿಂದ ಗಂಜಿ ಕುಡಿದಿರುತ್ತಿದ್ದ. ಕುಡಿದದ್ದನ್ನು ಕಕ್ಕುತ್ತಿದ್ದನೋ ಏನೋ, ಅದನ್ನೂ ಅವಳೇ ಬಳಿಯುತ್ತಿದ್ದಳು. ಈ ಲೆಕ್ಕವನ್ನು ಡಾಕ್ಟರು ಹೇಳುವುದಿಲ್ಲ.

ತಾಯಿ ಬಂದು ಮುಟ್ಟುವ ಹೊತ್ತಿಗೆ ಅವನಿಗೆ ಪ್ರಜ್ಞೆ ಇರಲಿಲ್ಲ. ಅವನು ಹೋದ ಮೂರನೆಯ ದಿನ ಮಧ್ಯಾಹ್ನ ಮಿಕಿ ಆಕೆಯನ್ನು ನನ್ನ ಗ್ಯಾರೇಜಿಗೆ ಕರೆತಂದಳು. ರಕ್ತವಾದ ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ ತೊಳೆದಿಡಲು ನನಗೆ ಕೊಟ್ಟಿದ್ದರು. ಅದು ಬೇಕೆಂದು ಬಂದಿದ್ದರು. ಬೂದು ಬಣ್ಣದ ಸ್ಕರ್ಟು, ನನಗಿಂತ ಒಂದು ಗೇಣು ಕುಳ್ಳು. ಬಾಗಿಲಲ್ಲಿ ಬೂಟು ಬಿಟ್ಟು, ಮೂತಿ ರಸ್ತೆಯ ಕಡೆ ತಿರುಗಿಸಿಟ್ಟರು. ಅಯ್ಯೋ, ಆ ಅಭ್ಯಾಸ ಈಕೆಯದೇ ಎಂದು ಆಗ ಗೊತ್ತಾಯಿತು.

ಇಸ್ತ್ರಿ ಮಾಡಿದ ಪ್ಯಾಂಟನ್ನು ಕೊಟ್ಟೆ. ಆಕೆ ಅದನ್ನು ಎದೆಗೆ ಒತ್ತಿಕೊಳ್ಳುತ್ತಾರೆಂದು ಕಾದೆ. ಇಲ್ಲ. ಪಟ್ಟನೆ ಒಳಗು ಹೊರಗು ಮಾಡಿದರು. ಹೊಲಿಗೆ ಬಲ್ಲವರು ಹಾಗೆಯೇ ಮಾಡುವುದು. ಬೆನ್ನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿಕೊಂಡು ಬಂದು, ಕತ್ತರಿಸಿದ ಅಂಚಿನ ಮೇಲೆ ನಿಲ್ಲಿಸಿದರು. ನನ್ನನ್ನು ನೋಡಿದರು. ಮಾರ್ಜಿನ್ ಎಲ್ಲಿ ಎಂದು ಒಬ್ಬ ಟೈಲರಿಣಿ ಇನ್ನೊಬ್ಬಳನ್ನು ಕೇಳಲು ಮಾತು ಬೇಕಿಲ್ಲ.

ಅಳತೆ ಪುಸ್ತಕ ತೆಗೆದು ಆ ಹಾಳೆ ತೋರಿಸಿದೆ. ಅಕ್ಷರ ನನ್ನ ಕನ್ನಡ, ಅದು ಅವರಿಗೆ ಗೆರೆ. ಅಂಕಿ ಮತ್ತು ತಾರೀಖು ಎಲ್ಲರದೂ ಒಂದೇ. ಇಪ್ಪತ್ತೊಂಬತ್ತು. ಇಪ್ಪತ್ತೆಂಟು. ಇಪ್ಪತ್ತಾರು. ಇಪ್ಪತ್ತನಾಲ್ಕು. ಆಕೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದರು, ಮತ್ತೆ ಕೆಳಗಿಂದ ಮೇಲೆ ಹೋದರು. ಇಪ್ಪತ್ತೊಂಬತ್ತರ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಅವರು ಮನೆಯಿಂದ ಕಳಿಸಿಕೊಟ್ಟ ಮಗ ಅದೇ ಇರಬೇಕು. ಪಕ್ಕದಲ್ಲಿ ಮಿಕಿಯೂ ಹಾಳೆ ನೋಡುತ್ತಿದ್ದಳು. ಹ್ಯೂಸ್ಟನ್ನಿನ ತಾರೀಖು ಬಂದಾಗ ತಲೆಯೆತ್ತಿದಳು. ನಾನು ಅವಳನ್ನು ನೋಡಲಿಲ್ಲ.

ತಾಯಿ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಸೊಂಟ ಬಗ್ಗಿಸಿ, ಬಹಳ ಹೊತ್ತು ತಲೆ ಎತ್ತದೆ ನಿಂತರು. ಎರಡು ಬಾರಿಸಿದ್ದರೆ ವಾಸಿಯಾಗಿತ್ತು. ರಂಗಣ್ಣಮಾವನಾದರೆ ಗಜದ ಕಡ್ಡಿ ತೆಗೆಯುತ್ತಿದ್ದ. ಈ ಸಲ ಯಾಕೆ ಹೇಳಲಿಲ್ಲವೇ ಎಂದು.

ಹಳದಿ ಪಟ್ಟಿ ಡಬ್ಬಿಯಲ್ಲಿತ್ತು. ಅದನ್ನು ಕೊಡಲಿಲ್ಲ. ಯಾಕೆಂದು ಕೇಳಬೇಡಿ.

ಮಾರನೆಯ ದಿನ ಬೆಳಿಗ್ಗೆ ಸುಮಾ ಏಳುವ ಮುಂಚೆ ಕಾಫಿ ಕುಡಿದು ಗ್ಯಾರೇಜಿಗೆ ಹೋದೆ. ಸಬೀಹಾಳ ಒಂದು ಚೂಡಿದಾರು ಮಿಷನ್ನಿನ ಮೇಲೆ ಬಿಗಿ ಮಾಡಲು ಕಾಯುತ್ತಿತ್ತು. ಅದನ್ನು ಮಡಿಸಿ ಪಕ್ಕಕ್ಕಿಟ್ಟೆ. ಪುಸ್ತಕದಲ್ಲಿ ಅವಳ ತಾಯಿಯ ಬ್ಲೌಸಿನ ಅಳತೆ ಹುಡುಕಿದೆ. ಅದರ ಕೆಳಗೆ ಹುಬ್ಬಳ್ಳಿಯ ಫೋನ್ ನಂಬರಿತ್ತು. ಕಾಲಿಂಗ್ ಕಾರ್ಡಿನ ಹಿಂದೆ ಬರೆದಿದ್ದ ಅಷ್ಟೂ ಅಂಕಿಗಳನ್ನು ಒಂದೊಂದಾಗಿ ಒತ್ತಿದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಗಂಟೆ ಹೊಡೆಯಿತು. ಅಲ್ಲಿ ಸಂಜೆ, ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಹಲೋ, ಯಾರ್ರಿ?"

"ಡಾಲಸ್ಸಿಂದ, ಟೈಲರಜ್ಜಿ. ನಿಮ್ಮ ಬ್ಲೌಸು ಹೊಲಿದೋಳು."

"ಅಯ್ಯ, ಅಜ್ಜಿ! ಆರಾಮ ಅದೀರೇನ್ರಿ? ನಮ್ಮ ಸಬೀಹಾ ಹ್ಯಾಂಗದಾಳ್ರಿ? ಫೋನ್ ಮಾಡಿದ್ರ ಬರೇ ಆರಾಮ ಅದೀನಿ ಅಂತಾಳ್ರಿ."

"ಒಂದು ಪೆನ್ನು ಹಾಳೆ ತಗೊಳ್ಳಿ," ಎಂದೆ. "ನಾನು ಹೇಳಿದ್ದು ಬರ್ಕೊಳ್ಳಿ."

"ಏನ್ರಿ? ಯಾಕ್ರಿ?"

ಕನ್ನಡಕ ಹಾಕಿಕೊಂಡು ಅವಳ ಮಗಳ ಹಾಳೆ ತೆರೆದೆ.

"ಸೊಂಟ," ಎಂದೆ. "ದಸರೆಗೆ ಇಪ್ಪತ್ತೆಂಟು."